ಹಿಮದ ಊರಿಗೆ ಕೇಳಿದ ಹೂ

"ಅಲುಗಾಡಬ್ಯಾಡ್ರಿ! ಹಂಗ ನಿಂದರ್ರಿ!"

ಹಿಂದಿನಿಂದ ಯಾರೋ ಗಂಡಸಿನ ದನಿ. ಲಲಿತಾಗೆ ತಿರುಗಿ ನೋಡಲೂ ಆಗಲಿಲ್ಲ.

ಬಾದಾಮಿಯ ಉತ್ತರದ ಕೋಟೆಗೆ ಹೋಗುವ ಮೆಟ್ಟಿಲ ದಾರಿ. ಬಂಡೆಯ ಅಂಚು. ಎಷ್ಟೋ ಕೆಳಗೆ ಅಗಸ್ತ್ಯ ತೀರ್ಥದ ಹಸಿರು ನೀರು. ಅವಳ ಬೆನ್ನ ಹಿಂದೆಯೇ ಒಂದು ದಡೂತಿ ಮಂಗ, ಕಣ್ಣು ಅವಳ ಚೀಲದ ಮೇಲೆ.

"ಹೋಗಲೇ!" ಎಂದು ಆತ ಮಂಗವನ್ನು ಓಡಿಸಿದ. ಹೆಗಲಲ್ಲಿ ಹಗ್ಗದ ಸುರುಳಿ, ಮುಖದ ತುಂಬ ನಗು.

"ಇಷ್ಟ ಅಂಚಿಗೆ ನಿಂತು, ಮಂಗ್ಯಾ ಬಂದ್ರೂ ಕಣ್ಣ ಮಿಟಕಸ್ಲಿಲ್ಲಲ್ರಿ! ಭಾಳ ಧೈರ್ಯಾ ನಿಮಗ!"

ಧೈರ್ಯವೇ? ಅಯ್ಯೋ! ಕೆಳಗೆ ನೋಡಿದ ಕೂಡಲೇ ಅವಳ ಕಾಲು ಮರಗಟ್ಟಿ ಹೋಗಿದ್ದವು. ಆದರೆ ಹುಟ್ಟಿದಂದಿನಿಂದ ಯಾರೂ ಅವಳನ್ನು ಧೈರ್ಯವಂತೆ ಎಂದಿರಲಿಲ್ಲ. ಅದೂ ಇಂಥ ನಗುವಿನವನು! ಲಲಿತಾ ಸುಮ್ಮನೆ ನಕ್ಕುಬಿಟ್ಟಳು. ಆ ಒಂದು ನಗೆಯೇ ಮುಂದೆ ಅವಳ ಕುತ್ತಿಗೆಗೆ ಬಂತು.

ಆತ ಬೀರೇಶ. ಬಾದಾಮಿಯಲ್ಲಿ ಬಂಡೆ ಹತ್ತಲು ಕಲಿಸುವವನು. ಲಲಿತಾ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕಾಲೇಜು ಉಪನ್ಯಾಸಕಿ. ಎರಡೂ ಮನೆಗಳವರು ಬೀರಪ್ಪ ದೇವರ ಒಕ್ಕಲು. ಮಾತುಕತೆಗೆ ತಡವಾಗಲಿಲ್ಲ. ಹೆಣ್ಣು ನೋಡಲು ಬಂದ ದಿನ ಆತ ಎಲ್ಲರೆದುರೇ ಹೇಳಿದ: "ಈಕಿ ಅಂಜುಬುರುಕಿ ಅಲ್ಲ. ಅದಕ್ಕ ನಾ ಒಪ್ಪೇನಿ."

ಸಕ್ಕರೆ ಹಂಚಿದರು. ಲಲಿತಾಳ ಬಾಯಿಗೆ ಮಾತ್ರ ಸಕ್ಕರೆ ಕಹಿಯಾಯಿತು. 'ಖರೆ ಗೊತ್ತಾದ ದಿನ ಇವರು ನನ್ನ ಬಿಟ್ಟ ಬಿಡ್ತಾರ...' ಅಂದಿನಿಂದ ಆತನ ಫೋನ್ ಬಂದರೂ ಬೆಚ್ಚಿಬೀಳುತ್ತಿದ್ದಳು.

ಅಷ್ಟರಲ್ಲಿ ಬಂತು ನೋಡಿ, ಹಿಮದ ಗ್ರಹಚಾರ!

"ಲಗ್ನ ಆದ ಮ್ಯಾಲ ಚಳಿಗಾಲದಾಗ ಸ್ಕೀಯಿಂಗ್‌ಗೆ ಹೋಗೂಣು. ಕಾಶ್ಮೀರದ ಗುಲ್ಮಾರ್ಗಾ? ಉತ್ತರಾಖಂಡದ ಔಲಿಯಾ? ನೀನ ಹೇಳು," ಎಂದ ಬೀರೇಶ. ದಿನಕ್ಕೊಂದು ವಿಡಿಯೋ ಕಳಿಸಿದ. ಒಂದರಲ್ಲಿ ತಂತಿಯ ಮೇಲೆ ತೂಗಾಡುತ್ತಾ ಆಕಾಶಕ್ಕೆ ಹೋಗುವ ಡಬ್ಬಿ. ಇನ್ನೊಂದರಲ್ಲಿ ಕಾಲು ಇಳಿಬಿಟ್ಟು ಕೂರುವ ಕುರ್ಚಿ, ಕೆಳಗೆ ಬರೀ ಕಣಿವೆ!

ಲಲಿತಾ ಅಂಗೈ ಬೆವರು ಒರೆಸಿಕೊಂಡಳು. ಗುಲ್ಮಾರ್ಗಕ್ಕೆ "ಥಂಡಿ ಭಾಳ" ಎಂದಳು. ಔಲಿಗೆ "ದೂರ ಭಾಳ" ಎಂದಳು. ಕುಣಿಯಲಾರದವಳಿಗೆ ನೆಲ ಡೊಂಕು!

"ಕಾಲಿಗೆ ಹಲಗಿ ಕಟ್ಕೊಂಡ ಜಾರಾಕ ಅಷ್ಟ ದೂರ ಯಾಕ? ಮಳಿಗಾಲದಾಗ ನಮ್ಮ ಹೊಲದಾಗ ಪುಕ್ಕಟ ಜಾರಬಹುದಲ್ಲ!" ಎಂದಳು ಅವಳ ಅಜ್ಜಿ ಲಗಮವ್ವ. "ಇರ್ಲಿ, ಬೀರಪ್ಪನ್ನ ಕೇಳೂಣು."

ದೇವರ ಹೂ ಕೇಳದೆ ಲಗಮವ್ವ ಒಂದು ಟಗರನ್ನೂ ಕೊಂಡವಳಲ್ಲ.

ಸೋಮವಾರ ಎರಡೂ ಮನೆಯವರು ಗುಡಿಯಲ್ಲಿ ಕೂತರು. ಪೂಜಾರಿ ಮಾಳಪ್ಪ ದೇವರ ಬಲಕ್ಕೊಂದು, ಎಡಕ್ಕೊಂದು ಸೇವಂತಿಗೆ ಹೂವನ್ನು ನೀರು ಹಚ್ಚಿ ಅಂಟಿಸಿದ. ಬಲದ ಹೂ ಬಿದ್ದರೆ ಗುಲ್ಮಾರ್ಗ, ಎಡದ್ದು ಬಿದ್ದರೆ ಔಲಿ.

ಲಲಿತಾ ಕಣ್ಣು ಮುಚ್ಚಿ ಕೈಮುಗಿದಳು. 'ಬೀಳಸಬ್ಯಾಡಪ್ಪಾ... ಎರಡೂ ಬೀಳಸಬ್ಯಾಡ!'

ಊದುಬತ್ತಿ ಉರಿದು ಮುಗಿಯಿತು. ಹೂಗಳು ಕದಲಲಿಲ್ಲ.

"ಕೇಳಾಕ ಬಂದವರೊಳಗ ಯಾರದೋ ಮನಸ ಒಪ್ಪಿಲ್ಲ," ಎಂದ ಮಾಳಪ್ಪ.

ಬೀರೇಶ ಲಲಿತಾಳ ಕಡೆ ನೋಡಿದ. ಬಿಳಿಚಿದ ಮುಖ, ಇನ್ನೂ ಅಲುಗುತ್ತಿದ್ದ ತುಟಿ. ಹೊರಗೆ ಬೇವಿನ ಮರದ ಕೆಳಗೆ ಅವಳನ್ನು ನಿಲ್ಲಿಸಿ ಕೇಳಿದ.

"ಬ್ಯಾಡ ಅಂತ ಬೇಡ್ಕೊಂಡಿ, ಹೌದಲ್ಲ?"

"ಹೌದ್ರಿ... ಆದ್ರ..."

"ಸಾಕು. ನನ್ನ ಜೋಡಿ ಎಲ್ಲೂ ಬರಾಕ ನಿನಗ ಮನಸಿಲ್ಲ. ನಾ ಬಂದ್ರ ಬೆದರತಿ, ಫೋನ್ ಮಾಡಿದ್ರ ಬೆದರತಿ. ಒತ್ತಾಯದ ಲಗ್ನ ನನಗ ಬ್ಯಾಡ. ನಾಳಿ ಬಂದು ನಿಮ್ಮಪ್ಪಾರಿಗೆ ನಾನ ಹೇಳ್ತೇನಿ."

ನಿಜ ಹೇಳಿದರೆ ಆತ ಬಿಡುತ್ತಾನೆ. ಹೇಳದಿದ್ದರೂ ಬಿಡುತ್ತಾನೆ. ಅತ್ತ ದರಿ, ಇತ್ತ ಪುಲಿ! ಅಷ್ಟರಲ್ಲಿ ಆತ ಹೊರಟೇಬಿಟ್ಟಿದ್ದ.

ಮರುದಿನ ಆತನ ಫೋನ್ ಬಂದ್. ಅವಳು ಬೆಳಗಿನ ಬಸ್ಸಿಗೇ ಬಾದಾಮಿಗೆ ಬಂದಳು. ಕೆರೆಯ ದಂಡೆಯಲ್ಲಿ ಆತನ ಗೆಳೆಯ ಹಣಮೇಶ ಸಿಕ್ಕ.

"ಮ್ಯಾಲ ಹಗ್ಗ ಬಿಚ್ಚಾಕ ಹೋಗ್ಯಾನ್ರಿ. ಆ ಕಡಿಂದನ ಇಳದು ಸೀದಾ ನಿಮ್ಮ ಮನಿಗೆ ಹೊಂಟಾನ."

ಕಾದು ನಿಂತರೆ ಕೈತಪ್ಪುತ್ತಾನೆ. ಲಲಿತಾ ಮೆಟ್ಟಿಲ ಕಡೆ ನೋಡಿದಳು.

ಹತ್ತಿದಳು. ಬಂಡೆಯನ್ನು ತಬ್ಬಿ ಹತ್ತಿದಳು. ಕೆಲವು ಕಡೆ ಕೂತು, ಅಂಗೈ ಊರಿ ಮುಂದೆ ಸರಿದಳು. 'ಕೆಳಗ ನೋಡಬ್ಯಾಡ... ನೋಡಬ್ಯಾಡ...' ಅದೇ ತಿರುವಿಗೆ ಬಂದಾಗ ನೋಡಿಯೇಬಿಟ್ಟಳು. ನೀರು ಗರಗರ ತಿರುಗಿದಂತಾಯಿತು. ಕಾಲು ಮತ್ತೆ ಮರಗಟ್ಟಿದವು. ಬಂಡೆಗೆ ಅಂಟಿ ಕುಸಿದು, ಜೀವ ಬಾಯಿಗೆ ಬಂದಂತೆ ಕೂಗಿದಳು.

"ಬೀರೇಶಾ!"

ಮೇಲಿನಿಂದ ಆತ ಓಡಿ ಬಂದ. "ಲಲಿತಾ! ಏನಾತು? ಬಿದ್ದಿಯೇನು?"

"ನಾ ಅಂಜುಬುರುಕಿ ಅದೀನ್ರಿ!" ಅವಳು ಬಿಕ್ಕಿ ಬಿಕ್ಕಿ ಅತ್ತಳು. "ಆವತ್ತೂ ಧೈರ್ಯಕ್ಕ ನಿಂತಿರ್ಲಿಲ್ಲ... ಕಾಲ ಕಿತ್ತಿಡಾಕ ಬರ್ಲಿಲ್ಲ! ಆ ಮಂಗ್ಯಾ ಬಂದಿದ್ದೂ ಗೊತ್ತಿರ್ಲಿಲ್ಲ! ಎತ್ತರ ಕಂಡ್ರ ನನ್ನ ಜೀವಾನ ಹೋಗತೈತಿ. ಹೇಳಿದ್ರ ನೀವು ಬಿಡ್ತೀರಿ ಅಂತ..."

ಬೀರೇಶ ಅವಳೆದುರು ಬಗ್ಗಿದ. ಅವಳಷ್ಟೇ ಹೆದರಿದ ದನಿಯಲ್ಲಿ ಕೇಳಿದ.

"ಹಂಗಾರ ನಿನ್ನ ಕಣ್ಣಾಗಿನ ಅಂಜಿಕಿ... ನನ್ನ ಕಂಡು ಅಲ್ಲ?"

"ನಿಮ್ಮನ್ನ ಕಂಡಾ? ನೀವು ಬಿಟ್ಟ ಹೋಗ್ತೀರಿ ಅಂತ ಅಂಜಿನ ಇಲ್ಲಿತನಕ ಹತ್ತೇನಿ!"

ಆತ ಅವಳ ಪಕ್ಕದಲ್ಲೇ ಕುಸಿದು ಕೂತ. ಕಣ್ಣು ಒದ್ದೆಯಾಗಿದ್ದವು.

"ಹುಚ್ಚಿ... ಅಂಜಿಕಿ ಇಲ್ಲದವರ್ನ ನಾ ಹಗ್ಗಕ್ಕ ಬಿಡೂದಿಲ್ಲ, ಗೊತ್ತೇನು? ಅಂಜಿದಾವನ ಗಂಟ ನೋಡಿ ಕಟ್ಟತಾನ. ಎಲ್ಲರ ಮುಂದ ಬಾಯಿಗೆ ಬಂದಂಗ ಆಡಿ ನಿನ್ನ ಬಾಯಿ ಕಟ್ಟಿದಾವ ನಾನ. ತಪ್ಪಾತು."

ಇಳಿಯುವಾಗ ಆತ ಮುಂದೆ, ಅವಳು ಹಿಂದೆ. ಅವಳ ಮುಖ ಬಂಡೆಯ ಕಡೆಗೆ, ಕೈ ಆತನ ಕೈಯಲ್ಲಿ.

"ಗುಲ್ಮಾರ್ಗಾ? ಔಲಿಯಾ? ಎರಡೂ ಬ್ಯಾಡಾ?"

"ಗುಲ್ಮಾರ್ಗ. ಒಂದ ವಿಡಿಯೋದಾಗ ತಗ್ಗಿನ ಬಯಲಿತ್ತಲ್ರಿ, ಸಣ್ಣ ಹುಡುಗ್ರು ಬಿದ್ದು ಬಿದ್ದು ನಗತಿದ್ರು... ಅಲ್ಲಿ ಬರ್ತೇನಿ. ತಂತಿ ಮ್ಯಾಲ ಮಾತ್ರ ಒಲ್ಲೆ."

"ಆತು. ನಾನೂ ಬರ್ಫ ಕಂಡಾವಲ್ಲ. ನಿನ್ನ ಜೋಡಿನ ಬೀಳ್ತೇನಿ."

"ಅಜ್ಜಿ ಮತ್ತ ಹೂ ಕೇಳೂಣು ಅಂತಾಳ."

"ಕೇಳ್ಲಿ. ನೀ ಅಡ್ಡ ಬರಬ್ಯಾಡ ಅಷ್ಟ!"

ಅವಳು ಅಳುವಿನ ನಡುವೆಯೇ ನಕ್ಕಳು. ಆತ ಒಂದು ಮೆಟ್ಟಿಲು ಇಳಿದು ನಿಂತ.

"ಅಲ್ಲಾ, ಗಂಡ ಆಗಾವನ್ನ ಹೆಸರ ಹಿಡದ ಕರದಿಯಲ್ಲ! ಇಡೀ ಗುಡ್ಡ ಕೇಳಿತು."

ಲಲಿತಾ ನಾಲಗೆ ಕಚ್ಚಿಕೊಂಡಳು. "ಅಂಜಿಕ್ಯಾಗ ಬಂದ್ಬಿಡ್ತ್ರಿ. ಇನ್ನ ಕರಿಯೂದಿಲ್ಲ."

"ಕರಿ. ಅಂಜಿಕಿ ಆದಾಗೆಲ್ಲ ಹಂಗ ಕರಿ."

ಅವಳು ಕೆಳಗೆ ನೋಡಿದಳು. ಇನ್ನೂ ಎಷ್ಟೋ ಮೆಟ್ಟಿಲು ಉಳಿದಿದ್ದವು. ಆತನ ಕೈಯನ್ನು ಗಟ್ಟಿಯಾಗಿ ಹಿಡಿದು, ಆತನಿಗಷ್ಟೇ ಕೇಳುವಂತೆ ಕರೆದಳು.

"ಬೀರೇಶ..."

"ಇಲ್ಲೇ ಅದೀನಿ."