ಬೆರಳಿಗೆ ಓಗೊಟ್ಟ ಗಾಜು

ಬಹಳ ಬಹಳ ಹಿಂದೆ, ಏಳು ಬೆಟ್ಟಗಳ ಆಚೆ ಹರಳುಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ಅರಮನೆಯಲ್ಲಿ ಒಂದು ಮಾಯಾಗಾಜು. ಅದು ಮನಸ್ಸು ಮಾಡಿದರೆ ಕಾಲುವೆಯ ತೂಬು ಏಳುತ್ತಿತ್ತು, ಕೋಟೆಯ ಬಾಗಿಲು ಸರಿಯುತ್ತಿತ್ತು. ಆದರೆ ಅದು ಓಗೊಡುತ್ತಿದ್ದುದು ಮಾಂತ್ರಿಕ ಗರಳಾಕ್ಷನ ಮೂಳೆಕೋಲಿಗೆ ಮಾತ್ರ. ಸ್ನಾನದ ನೀರಿಗೆ ರಾಜನೂ ಅವನ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತು.

ಗಾಜು ಎರೆಯುವವರ ಕೇರಿಯಲ್ಲಿ ಮಾಚಲೆ ಎಂಬ ಹೆಂಗಸಿದ್ದಳು. ಕೇರಿಯವರು ತನ್ನ ಪಲ್ಲಕ್ಕಿ ಹೊರಲಿಲ್ಲವೆಂದು ಗರಳಾಕ್ಷ ಅವರ ನೀರು ನಿಲ್ಲಿಸಿದ. ಪಕ್ಕದ ಕೇರಿಯವರು ಕದ್ದುಮುಚ್ಚಿ ಕೊಡ ದಾಟಿಸುತ್ತಿದ್ದರು. ಅದು ಎಷ್ಟು ದಿನ ನಡೆದೀತು? ಮಾಚಲೆ ನೆಟ್ಟಗೆ ಅರಮನೆಗೆ ಹೋಗಿ ಮಾಯಾಗಾಜಿನ ಮೇಲೆ ಅಂಗೈ ಊರಿದಳು. ಗಾಜು ಮಿಸುಕಲಿಲ್ಲ.

ಗರಳಾಕ್ಷ ನಕ್ಕ. "ಬರಿಗೈಗೆ ಗಾಜು ಓಗೊಡುತ್ತದೆ ಎಂದ ಮೂವರು ನನ್ನ ಶಾಪದಿಂದ ಈಗ ಕಾಡಿನ ಪ್ರಾಣಿಗಳಾಗಿದ್ದಾರೆ, ಹೆಣ್ಣೆ."

"ಹಾಗಾದರೆ ಅವರನ್ನೇ ಕೇಳಿಕೊಂಡು ಬರುತ್ತೇನೆ," ಎಂದಳು ಮಾಚಲೆ. "ಅಲ್ಲಿಯವರೆಗೆ ನಿನ್ನ ಕೋಲು ಭದ್ರವಾಗಿರಲಿ."

ಕಾಡಿನ ಮೊದಲ ಹುತ್ತದಲ್ಲಿ ಬೆಂಕಿಬಣ್ಣದ ಹಾವಿತ್ತು. ಹುತ್ತದೊಳಗೆ ಕೈಯಿಡು, ಹಿಂದೆಳೆದರೆ ಕಚ್ಚುವೆ ಎಂದಿತು. ಮಾಚಲೆ ಕೈಯಿಟ್ಟಳು. ಹಾವು ಬೆರಳು ಬೆರಳನ್ನೂ ಸುತ್ತಿತು. ಅವಳ ಕೈ ಕದಲಲಿಲ್ಲ. ಜೀವವಿರುವ ಮೈಯಲ್ಲೆಲ್ಲ ಒಂದು ಸಣ್ಣ ಮಿಂಚಿದೆ, ಗಾಜಿಗೆ ಅದರ ಗುರುತು ಹಿಡಿಯಲು ಕಲಿಸು ಎಂದು ಹೇಳಿ ಹಾವು ತನ್ನ ಪೊರೆ ಕೊಟ್ಟಿತು.

ಎರಡನೆಯದು ಗುಹೆಯಲ್ಲಿದ್ದ, ಗಾಡಿಯ ಗಾಲಿಯಷ್ಟು ದೊಡ್ಡ ಜೇಡ. ಕಣ್ಣು ಮುಚ್ಚಿಕೊಂಡು ನಾನು ಬಲೆಯಲ್ಲಿ ಎಲ್ಲಿದ್ದೇನೆ ಹೇಳು ಎಂದಿತು. ಮಾಚಲೆ ಎರಡು ಸಲ ತಪ್ಪಿದಳು. ತಪ್ಪಿದಾಗಲೆಲ್ಲ ಜೇಡ ಅವಳ ಕಾಲಿಗೆ ನೂಲು ಬಿಗಿಯಿತು. ಮೂರನೆಯ ಸಲ ಅವಳು ಒಂದು ಕೈಯಿಂದ ಅಡ್ಡ ಎಳೆಗಳನ್ನೂ ಇನ್ನೊಂದರಿಂದ ಉದ್ದ ಎಳೆಗಳನ್ನೂ ತಡವಿದಳು. ಎರಡರಲ್ಲೂ ನಡುಗಿದ ಎಳೆಗಳು ಯಾವುವೋ, ಅವು ಕೂಡುವಲ್ಲಿ ಬೆರಳಿಟ್ಟಳು. ಬೆರಳು ಜೇಡದ ಬೆನ್ನಿಗೇ ತಾಗಿತು. ಜೇಡ ಒಂದು ಉಂಡೆ ನೂಲು ಕೊಟ್ಟಿತು.

ಮೂರನೆಯದು ಬಂಡೆಯ ತುದಿಯ ಗಂಡಭೇರುಂಡ. ಅದರ ಎರಡು ತಲೆಗಳೂ ಒಟ್ಟಿಗೆ ಮಾತಾಡುತ್ತಿದ್ದವು. ಒಂದನ್ನು ಕೇಳಿ ಇನ್ನೊಂದನ್ನು ಬಿಟ್ಟವರನ್ನು ಕೊಕ್ಕಿನಲ್ಲಿ ಹಿಡಿದು ಕಣಿವೆಗೆ ಎಸೆಯುತ್ತಿದ್ದವು. ಮಾಚಲೆ ಕಿವಿಯ ಗೊಡವೆಯನ್ನೇ ಬಿಟ್ಟು ಎರಡು ಕೊರಳಿಗೂ ಒಂದೊಂದು ಅಂಗೈ ಇಟ್ಟಳು. ಎರಡರ ಮಾತೂ ಅಂಗೈಗೆ ತಿಳಿಯಿತು. ಹಕ್ಕಿ ಒಂದು ಗರಿ ಉದುರಿಸಿಕೊಟ್ಟು ಅವಳನ್ನು ಬೆನ್ನ ಮೇಲೆ ಊರಿಗೆ ತಂದಿಳಿಸಿತು.

ಮಾಚಲೆ ಪೊರೆ, ನೂಲು, ಗರಿಗಳನ್ನು ಮರಳಿನ ಜೊತೆ ಕರಗಿಸಿ ನೀರಿನ ಪೊರೆಯಷ್ಟು ತೆಳ್ಳನೆಯ ಗಾಜು ಎರೆದಳು. ಅದನ್ನು ಹೊತ್ತು ಅರಮನೆಗೆ ನಡೆದಾಗ ಕಾವಲುಗಾರರು ದಾರಿ ಬಿಟ್ಟರು, ಅವರೂ ಬಾಯಾರಿದ್ದರು. ಮಾಯಾಗಾಜಿನ ಮೇಲೆ ಅವಳು ತನ್ನ ಗಾಜನ್ನು ಹೊದಿಸಿದಳು.

ಗರಳಾಕ್ಷ ಓಡಿಬಂದು ಕೋಲು ಊರಿದ. ಏನೂ ಆಗಲಿಲ್ಲ. ಮತ್ತೆ ಊರಿದ, ಕುಟ್ಟಿದ, ಗೀಚಿದ.

"ಸತ್ತ ಮೂಳೆಯಲ್ಲಿ ಮಿಂಚೆಲ್ಲಿಂದ ಬರಬೇಕು?" ಎಂದು ಮಾಚಲೆ ಗಾಜಿಗೆ ಬೆರಳು ತಾಗಿಸಿದಳು. ದೂರದಲ್ಲಿ ತೂಬು ಎದ್ದ ಸದ್ದು ಕೇಳಿಸಿತು. ಗರಳಾಕ್ಷ ಶಾಪಕ್ಕೆ ಬಾಯಿ ತೆರೆದ. ಗಾಜಿನಲ್ಲಿ ಕಾಣುತ್ತಿದ್ದ ಅವನ ನೆರಳಿನ ಮೇಲೆ ಅವಳು ಎರಡು ಬೆರಳಿಟ್ಟು ಅವು ಒಂದಕ್ಕೊಂದು ಕೂಡುವಂತೆ ಎಳೆದಳು. ಮಾಂತ್ರಿಕ ಸಾಸಿವೆಯಷ್ಟಾದ, ಇನ್ನೊಮ್ಮೆ ಎಳೆದಾಗ ಇಲ್ಲವೇ ಆದ. ಕಾಡಿನಿಂದ ಮೂವರು ಮನುಷ್ಯರು ಎದ್ದು ಬಂದರು: ಹಾವಾಗಿದ್ದ ಬೊಮ್ಮರಸ, ಜೇಡವಾಗಿದ್ದ ಚಾಮಲೆ, ಹಕ್ಕಿಯಾಗಿದ್ದ ಇರುಗ.

ರಾಜ ಹಿಗ್ಗಿ, ಇನ್ನು ಈ ಗಾಜು ಮಾಚಲೆಯ ಹೆಸರಿನದು, ಅವಳ ಬೆರಳಿಗಷ್ಟೇ ಓಗೊಡಲಿ ಎಂದ.

"ಹಾಗೆ ಮಾಡಿದರೆ ಈಗಲೇ ಒಡೆದು ಹಾಕುತ್ತೇನೆ," ಎಂದಳು ಮಾಚಲೆ. "ಇದನ್ನು ಮಾಡಿದವರು ನಾಲ್ವರು. ಬೇಕಾದವರು ಊರಿಗೆ ಊರೇ."

ರಾಜ ಒಪ್ಪಿದ. ಗಾಜನ್ನು ಪೇಟೆಯ ನಡುವೆ ನಿಲ್ಲಿಸಿದರು. ಅಂದಿನಿಂದ ಹರಳುಗಿರಿಯಲ್ಲಿ ನೀರಿಗಾಗಿ ಯಾರೂ ಯಾರ ಮುಂದೆಯೂ ಕೈಕಟ್ಟಲಿಲ್ಲ, ಎಲ್ಲರೂ ಸುಖವಾಗಿದ್ದರು. ಸಂಜೆಯ ಹೊತ್ತಿಗೆ ಊರವರ ಬೆರಳ ಗುರುತುಗಳಿಂದ ಗಾಜು ಮಬ್ಬಾಗುತ್ತಿತ್ತು. ಅದನ್ನು ಒರೆಸುವ ಸರದಿ ಯಾರದೆಂದು ಆ ನಾಲ್ವರೂ ದಿನಾ ಜಗಳವಾಡುತ್ತಿದ್ದರು.