ಮಾಳದಲ್ಲಿ ಇಟ್ಟ ಮೊಟ್ಟೆಗಳು

"ಆ ಮೂಲೇಲಿ ಯಾರೋ ಹುಲ್ಲಿನ ಗೂಡು ಮಾಡಿ ಮೊಟ್ಟೆ ಇಟ್ಟಿದಾರೆ. ನಮ್ಮ ಕೋಳೀದಲ್ಲ. ಶನಿವಾರ ಪಾದ್ರಿಗಳು ಬಂದು ಸುಡ್ತಾರೆ. ಅಲ್ಲಿವರ್ಗೂ ಮುಟ್ಬೇಡಪ್ಪ."

ನೋರೀನ್ ಹಾರ್ಟಿಗನ್ ಹೀಗೆಂದಾಗ ಫಿಂಟನ್ ಲೇಸಿ ಔಷಧದ ಕ್ಯಾನನ್ನು ಬೆನ್ನಿಗೇರಿಸಿಕೊಳ್ಳುತ್ತಿದ್ದ. ಅವನಿಗೆ ನಗು ತಡೆಯಲಾಗಲಿಲ್ಲ.

ಕುದುರೆ ಮೇಯುವ ಮಾಳಗಳಲ್ಲಿ ಕಳೆಗೆ ಔಷಧ ಹೊಡೆಯುವುದೇ ಅವನ ಕಸುಬು. ವೆಕ್ಸ್‌ಫರ್ಡ್ ಕಡೆಯವನು, ಲಿಮರಿಕ್ ಸೀಮೆಗೆ ಬಂದು ಒಂದು ಚಳಿಗಾಲ ಕಳೆದಿತ್ತಷ್ಟೆ. ಮೇ ತಿಂಗಳು ಹುಟ್ಟಿತೆಂದರೆ ಇಲ್ಲಿ ಒಬ್ಬರ ಹೊಲದಲ್ಲಿ ಇನ್ನೊಬ್ಬರು ಮೊಟ್ಟೆ ಬಚ್ಚಿಟ್ಟು ಮಾಟ ಮಾಡಿ ಕೇಡು ಕಟ್ಟುತ್ತಾರೆಂದು ಪಬ್ಬಿನಲ್ಲಿ ಕೇಳಿ ಆಗಲೂ ನಕ್ಕಿದ್ದ.

ವಿಧವೆ ನೋರೀನಳ ಎರಡು ಕುದುರೆಗಳು ಆ ವಸಂತದಲ್ಲೇ ಸತ್ತಿದ್ದವು. ಉಳಿದದ್ದು ಗಬ್ಬದ ಜೂನೋ ಒಂದೇ. ಅದೂ ಲಾಯದ ಅಂಗಳದಲ್ಲಿ ಎಡಕ್ಕೇ ಸುತ್ತುತ್ತಿತ್ತು. ಸುತ್ತಿ ಸುತ್ತಿ ಸಾಕಾದಾಗ ಗೋಡೆಗೆ ಹಣೆಯೊತ್ತಿ ನಿಲ್ಲುತ್ತಿತ್ತು. ಫಿಂಟನ್ ನೆಲಕ್ಕಂಟಿದ ಹರಕು ಅಂಚಿನ ಎಲೆಗಳನ್ನು ತೋರಿಸಿ, ಇದು ಬುಹಲಾನ್ ಕಳೆ, ತಿಂದ ಕುದುರೆಯ ಲಿವರ್ ಕೊಳೆತು ತಲೆ ಕೆಡುತ್ತದೆ, ಮಾಟವೂ ಇಲ್ಲ ಮಣ್ಣೂ ಇಲ್ಲ ಎಂದ.

"ಇರಬೋದು," ಎಂದಳು ನೋರೀನ್. "ಆದ್ರೆ ಈ ಕಳೆ ಮೂವತ್ತು ವರ್ಷದಿಂದ ಇಲ್ಲೇ ಇದೆ ಕಣಪ್ಪ."

ಗಾಳಿಯಿಲ್ಲದ ಬೆಳಗು. ಬೇಲಿಯ ಮುಳ್ಳುಗಿಡಗಳು ಬಿಳಿ ಹೂವು ತುಂಬಿಕೊಂಡು ಹಳಸಿದ ಮಾಂಸದ ವಾಸನೆ ಬಿಡುತ್ತಿದ್ದವು. ಫಿಂಟನ್ ಒಂದೊಂದು ಬುಡಕ್ಕೂ ಔಷಧ ಹೊಡೆಯುತ್ತ ಮಧ್ಯಾಹ್ನದ ಹೊತ್ತಿಗೆ ಮೂಲೆಗೆ ಬಂದ. ಒದ್ದೆ ಹುಲ್ಲಿನಲ್ಲಿ ಮೂರು ಮೊಟ್ಟೆಗಳಿದ್ದವು. ನೋರೀನ್ ಗೇಟಿನ ಬಳಿ ನಿಂತು ನೋಡುತ್ತಿದ್ದಳು. ಅವಳ ಭಯ ಬಿಡಿಸಬೇಕೆಂದೇ ಅವನು ಕೈಗವಸು ಕಳಚಿ ಒಂದನ್ನು ಎತ್ತಿ ಹಿಡಿದ. ಅದಕ್ಕೆ ತೂಕವೇ ಇರಲಿಲ್ಲ. ಮೇ ತಿಂಗಳ ಬಿಸಿಲಿನಲ್ಲೂ ಮಂಜಿನಂತೆ ಕೊರೆಯುತ್ತಿತ್ತು. ಬೆರಳು ಒತ್ತುವ ಮೊದಲೇ ಒಡೆಯಿತು. ಕಪ್ಪಗಿನದೇನೋ ಮಣಿಕಟ್ಟಿನವರೆಗೆ ಇಳಿಯಿತು. ತುಕ್ಕಿನ ವಾಸನೆ, ಹಳೆಯ ರಕ್ತದ ವಾಸನೆ.

ಅಂಗಳದಲ್ಲಿ ಗೊರಸಿನ ಸದ್ದು ನಿಂತಿತು. ಜೂನೋ ಕತ್ತೆತ್ತಿ ಒಮ್ಮೆ ಕೆನೆದು, ನೀರಿನ ಬಕೆಟ್ಟಿಗೆ ಬಾಯಿಟ್ಟಿತು.

ಫಿಂಟನ್ ಕೈಯನ್ನು ಹುಲ್ಲಿಗೆ ಒರೆಸಿ ಗೇಟಿನತ್ತ ಹೊರಟ. ಬೇಲಿ ಹಿಡಿದು ನಡೆದ. ಗೇಟು ಸಿಗಲಿಲ್ಲ. ಮತ್ತೆ ನಡೆದ. ಬೇಲಿ, ಬಿಳಿ ಹೂವು, ಮತ್ತೆ ಬೇಲಿ. ನೋರೀನ್ ಕೂಗುತ್ತಿದ್ದಳು. ಅವಳ ದನಿ ನಾಲ್ಕೂ ದಿಕ್ಕಿನಿಂದ ಬಂತು. ಕೋಟು ಒಳಗಿಂದ ಹೊರಗೆ ತಿರುವಿ ಹಾಕ್ಕೋ, ದಾರಿ ತಪ್ಪಿದೋರು ಹಾಗ್ ಮಾಡ್ಬೇಕು ಎನ್ನುತ್ತಿದ್ದಳು. ಆಗ ಅವನು ನಗಲಿಲ್ಲ. ಕೋಟು ಕಳಚಲು ಕ್ಯಾನಿನ ಪಟ್ಟಿಗೆ ಕೈ ಹಾಕಿದ. ಬೆರಳು ಮಡಚಲಿಲ್ಲ. ಬಲಕ್ಕೆ ತಿರುಗಲು ನೋಡಿದ. ಕಾಲು ಎಡಕ್ಕೆ ಹೋಯಿತು. ಮತ್ತೆ ಎಡಕ್ಕೆ. ನೆತ್ತಿಯ ಮೇಲೆ ಸೂರ್ಯ. ಕಣ್ಣಿಗೆ ಕತ್ತಲೆ. ಹಕ್ಕಿಯ ದನಿಯಿಲ್ಲ. ತನ್ನದೇ ಉಸಿರು. ಎಡಕ್ಕೆ. ಕಲ್ಲಿನ ಗೋಡೆ ತಗುಲಿತು. ಹಣೆ ಒತ್ತಿದ. ತಂಪಾಗಿತ್ತು. ಇನ್ನೂ ಒತ್ತಿದ.

ಪಕ್ಕದ ತೋಟದವರು ಅವನನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೋದರು. ಆಸ್ಪತ್ರೆಯಲ್ಲಿ ರಕ್ತ ನೋಡಿದರು, ತಲೆಯ ಸ್ಕ್ಯಾನ್ ಮಾಡಿದರು, ಔಷಧದ ವಿಷವೇರಿದೆಯೇ ಎಂದು ಹುಡುಕಿದರು. ಏನೂ ಸಿಗಲಿಲ್ಲ. ಲಿವರ್ ಚೆನ್ನಾಗಿದೆ ಎಂದು ಬರೆದುಕೊಟ್ಟು ಮನೆಗೆ ಕಳಿಸಿದರು.

ಜೂನ್ ಕೊನೆಯಲ್ಲಿ ನೋರೀನ್ ಒಂದು ಬ್ರೆಡ್ಡು ಬೇಯಿಸಿ ಬಟ್ಟೆಯಲ್ಲಿ ಸುತ್ತಿಕೊಂಡು ಅವನನ್ನು ನೋಡಲು ಬಂದಳು. ಜೂನೋ ಮರಿ ಹಾಕಿದೆ, ಎರಡೂ ಗಟ್ಟಿಯಾಗಿವೆ ಎಂದು ತಲೆ ತಗ್ಗಿಸಿಯೇ ಹೇಳಿದಳು. ಫಿಂಟನ್ ಅಡುಗೆಮನೆಯ ಗೋಡೆಗೆ ಮುಖಮಾಡಿ ನಿಂತಿದ್ದ. ಎಲ್ಲ ಕೇಳುತ್ತಿತ್ತು. ನಾಲಿಗೆ ಮಾತ್ರ ಏಳುತ್ತಿರಲಿಲ್ಲ.

ಅವನ ಹೆಂಡತಿ ಗ್ರಾನ್ಯ ಚಹಾ ಬಗ್ಗಿಸುತ್ತ ಕೇಳಿದಳು: "ಮುಟ್ಬೇಡ ಅಂತ ಇವರಿಗೆ ಹೇಳಿದ್ರಾ ನೀವು?"

"ಹೇಳ್ದೆ."

"ಮತ್ತೆ ಕೈಗವಸು ತೆಗ್ದಾಗ?"

ನೋರೀನ್ ಬ್ರೆಡ್ಡಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮಡಚಿದಳು.

"ಆಗ್ಲೂ ಕೂಗ್ಬೋದಿತ್ತು. ಮುಟ್ಟಿದೋರ ಮೇಲೆ ಆ ಕೇಡು ಹೋಗತ್ತೆ ಅಂತ ಗೊತ್ತಿತ್ತು ನಂಗೆ," ಎಂದಳು. "ಅಂಗಳದಲ್ಲಿ ಜೂನೋ ಸುತ್ತೋ ಸದ್ದು ಕೇಳ್ತಾ ಇತ್ತು ಕಣಮ್ಮ. ಬಾಯಿ ಮುಚ್ಕೊಂಡ್ ನಿಂತ್ಬಿಟ್ಟೆ."