ಫ್ಯಾನು ನಿಂತ ಮೇಲೂ ಉಳಿದ ಗೆರೆ

“ನನ್ನ ಗಂಡನ್ನ ಕೊಂದಾಂವ ಹಾರೂನ ಅಂತಾರ್ರಿ, ಅಕ್ಕಾರ. ಒಂದಽ ತಾಟಿನ್ಯಾಗ ಉಂಡಾಂವ ಅದಾನ. ಹೆಂಗ ನಂಬ್ಲಿ?” ಎಂದು ಯಲ್ಲವ್ವ ತನ್ನ ಮೊಬೈಲನ್ನು ಮರಿಯಮ ಟೀಚರ ಮುಂದಿಟ್ಟಳು.

ಗೋವಾದ ಕೆಪೆಯ ತೋಟವೊಂದರಲ್ಲಿ ಕೂಲಿಗಿದ್ದ ಅವಳನ್ನು ವಾಸ್ಕೋ ಬಸ್‌ಸ್ಟ್ಯಾಂಡಿನಿಂದ ಬೈಕಿನ ಮೇಲೆ ಕರೆತಂದವನು ಶಾನವಾಜ. ಬಾಡಿಗೆ ಬೈಕು ಅವನ ಹೊಟ್ಟೆಪಾಡು, ಟೀಚರ ಪತ್ತೇದಾರಿಕೆ ಅವನ ಹುಚ್ಚು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾಗಿದ್ದ ಆಕೆ ವಾಸ್ಕೋದ ಕನ್ನಡದವರ ಎಷ್ಟೋ ಗಂಟು ಬಿಡಿಸಿದ್ದರು. ಯಲ್ಲವ್ವನ ಮುಖ ನೋಡಿ ಮಾತ್ರ ಅವನಿಗೆ ಈ ಸಲ ಹುರುಪೇ ಹುಟ್ಟಲಿಲ್ಲ.

ನಡೆದದ್ದು ಇಷ್ಟು. ಭಾನುವಾರ ಸಾಂಕೋಲೆಯ ಕಾರ್ಖಾನೆಯಲ್ಲಿ ಇದ್ದವರು ಮೂವರೇ: ಅವಳ ಗಂಡ ಠಾಕಪ್ಪ, ಜೊತೆಗಾರ ಹಾರೂನ, ಸೂಪರ್‌ವೈಸರ್ ಅಫ್ತಾಬ. ಠಾಕಪ್ಪ ದೊಡ್ಡ ಟಾಕಿಯೊಳಗೆ ಬಣ್ಣ ಬಳಿಯುತ್ತಿದ್ದ. ಬಣ್ಣದ ವಿಷಗಾಳಿ ತುಂಬದಂತೆ ಟಾಕಿಯ ಬಾಯಲ್ಲಿ ಫ್ಯಾನು ಊದಬೇಕು, ಹಾರೂನ ಅಲ್ಲೇ ಕಾವಲಿರಬೇಕು. ಕೊನೆಗೆ ನೋಡಿದರೆ ಫ್ಯಾನು ಬಂದ್, ಒಳಗೆ ಠಾಕಪ್ಪನ ಹೆಣ. ತಾನು ಆಫೀಸಿನಲ್ಲಿದ್ದೆನೆಂದೂ ಹಾರೂನನೇ ಆರಿಸಿದನೆಂದೂ ಅಫ್ತಾಬ ಹೇಳಿದ. “ನನ್ನನ್ನ ಸಾಹೇಬ್ರು ಗ್ರೈಂಡರ್ ಕೆಲಸಕ್ಕ ಕಳಿಸಿದ್ರು” ಎಂದಷ್ಟೇ ಹೇಳಿದ ಹಾರೂನ ಲಾಕಪ್ಪಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ.

ಟೀಚರು ಠಾಕಪ್ಪನ ಕೊನೆಯ ವಾಯ್ಸ್ ಮೆಸೇಜ್ ಹಾಕಿದರು. ಮೊದಲಿಂದ ಕೊನೆವರೆಗೆ ಬರೀ ಗದ್ದಲ. “ಉಂಡೀಯೇನ? ಮುಂದಿನ ವಾರ ಬರ್ತೀನಿ…” ಎಂದ ದನಿ ತುಸು ನಿಂತು, “ಈಗ ಕೇಳಸ್ತೈತೇನ? ಬರ್ತೀನಿ ಅಂದೆ” ಎಂದಿತು. ಯಲ್ಲವ್ವ ಸೆರಗು ಬಾಯಿಗೊತ್ತಿಕೊಂಡಳು.

ಟೀಚರು ಲ್ಯಾಪ್‌ಟಾಪಿನಲ್ಲಿ ಗಣಿತದ ಸಾಫ್ಟ್‌ವೇರ್ ತೆರೆದರು. “ಮೊಬೈಲಿಗೆ ಧ್ವನಿ ಅಂದ್ರ ಬರೇ ಅಂಕಿ, ಶಾನು. ಕ್ಷಣಕ್ಷಣಕ್ಕ ಚಿಟಿಕಿ ಚಿಟಿಕಿ ತಗದಿಟ್ಟದ್ದು. ಫೂರಿಯರ್ ಲೆಕ್ಕಕ್ಕ ಹಾಕಿದ್ರ, ಬೆರಕಿ ಕಾಳು ಜರಡಿ ಹಿಡಿದಂಗ, ಯಾವ ಸ್ವರ ಎಷ್ಟೈತಿ ಬ್ಯಾರೆ ಬ್ಯಾರೆ ಗೆರಿಯಾಗಿ ಕಾಣ್ತೈತಿ.” ಮೆಸೇಜನ್ನು ತುಂಡು ಮಾಡಿ ಒಂದೊಂದಕ್ಕೂ ಲೆಕ್ಕ ಹಾಕಿದರು. ಆಮೇಲೆ ಹಳೆಯ ಮೆಸೇಜುಗಳಿಗೂ ಹಾಕಿದರು. ನೋಡುತ್ತ ನೋಡುತ್ತ ಅವರ ಮುಖ ಬಾಡಿತು.

ಮರುದಿನ ಎಲ್ಲರೂ ಆ ಟಾಕಿಯ ಮುಂದೆ ಸೇರಿದರು. ಇನ್‌ಸ್ಪೆಕ್ಟರ್ ಹಾರೂನನನ್ನೂ ಕರೆತಂದಿದ್ದರು. ಫ್ಯಾನು, ಗ್ರೈಂಡರ್ ಎರಡನ್ನೂ ಬೇರೆ ಬೇರೆ ಓಡಿಸಿ ಅವುಗಳ ಸ್ವರವನ್ನು ಟೀಚರು ಅಳೆದಿಟ್ಟುಕೊಂಡರು. ಪರದೆಯ ಮೇಲೆ ಮೆಸೇಜಿನ ಮೊದಲ ತುಂಡಿನ ನಾಲ್ಕು ಗೆರೆ ಕಂಡದ್ದೇ ತಡ, ಅಫ್ತಾಬ ನಕ್ಕ. “ಇಂಜಿನಿಯರಿಂಗ್ ನಾನೂ ಓದೇನ್ರಿ. ಈ ಲೆಕ್ಕದಾಗ ಪ್ರತಿಬಿಂಬ ಬಂದಽ ಬರ್ತೈತಿ. ಎಲ್ಲಾ ಫ್ಯಾನಿಂದು, ಅದರ ನೆಳ್ಳು. ಗ್ರೈಂಡರ್ ಆವತ್ತ ಓಡೇ ಇಲ್ಲ.” ಎಲಾ ಇವನ, ಎಂದುಕೊಂಡ ಶಾನವಾಜ.

“ಪ್ರತಿಬಿಂಬ ಬರ್ತೈತಿ, ಖರೇ. ಆದ್ರ ಗೆರಿ, ಅದರ ನೆಳ್ಳು ಎರಡೂ ಜೋಡಿಲೆ ಬರ್ತಾವು, ಜೋಡಿಲೆ ಹೋಗ್ತಾವು,” ಎಂದರು ಟೀಚರು. “ಮೊದಲ್ನೇ ತುಂಡಿನ್ಯಾಗ ಎರಡು ಜೋಡಿ. ‘ಈಗ ಕೇಳಸ್ತೈತೇನ’ ಅನ್ನೂದ್ರಾಗ ಫ್ಯಾನಿನ ಜೋಡಿ ಇಲ್ಲ, ಇನ್ನೊಂದು ಹಂಗಽ ಐತಿ. ಮುಖ ಹೋದ ಮ್ಯಾಲ ಕನ್ನಡ್ಯಾಗ ನೆಳ್ಳು ಉಳೀತೈತೇನ್ರಿ? ಉಳಿದದ್ದು ಗ್ರೈಂಡರ್. ಅದನ್ನ ಹಿಡಿಯಾಕ ಎರಡೂ ಕೈ ಬೇಕು. ಠಾಕಪ್ಪ ಮಾತಾಡಾಕತ್ತಾನ, ಆಫೀಸಿನ್ಯಾಗ ಇದ್ದೆ ಅಂತ ನೀವಽ ಹೇಳೀರಿ. ಹಿಡಿದಾಂವ ಹಾರೂನನಽ. ಕಾವಲು ಬಿಡಿಸಿ ಆ ಕೆಲಸಕ್ಕ ಹಚ್ಚಿದವ್ರು ನೀವು.”

ಅಫ್ತಾಬನ ತಲೆ ತಗ್ಗಿತು.

“ಹಾಗಾದರೆ ಫ್ಯಾನು ಆರಿಸಿದ್ದು ಯಾರು?” ಎಂದರು ಇನ್‌ಸ್ಪೆಕ್ಟರ್.

ಟೀಚರು ಯಲ್ಲವ್ವನ ಕೈ ಹಿಡಿದುಕೊಂಡರು. ಇದನ್ನು ಹೇಳದೇ ಇದ್ದರೆ ಚಲೋ ಇತ್ತು ಅನಿಸಿತು ಶಾನವಾಜನಿಗೆ. ಆದರೆ ಹೇಳದೆ ಹಾರೂನ ಬಿಡುಗಡೆಯಾಗುವುದಿಲ್ಲ.

“ಠಾಕಪ್ಪನಽ. ಸ್ವಿಚ್ಚು ಟಾಕಿ ಬಾಯಾಗ ಐತಿ. ಬ್ಯಾರೆ ಯಾರರೆ ಆರಿಸಿದ್ರ ಆಂವ ಒದರತಿದ್ದ, ‘ಈಗ ಕೇಳಸ್ತೈತೇನ’ ಅಂತಿದ್ದಿಲ್ಲ. ಹಳೇ ಮೆಸೇಜಿನ್ಯಾಗೂ ಫ್ಯಾನಿನ ಗೆರಿ ನಡುವ ಹೋಗ್ತಾವು, ಕಡೀಕ ತಿರುಗಿ ಬರ್ತಾವು. ಆರಿಸಾಂವ ಠಾಕಪ್ಪ, ತಿರುಗಿ ಹಚ್ಚಾಂವ ಹಾರೂನ. ಆವತ್ತೂ ರೂಢಿ ಪ್ರಕಾರ ಮಾತು ಮುಗಿಸಿ ಒಳಗ ಇಳದಾನ. ಹಚ್ಚಾಕ ಯಾರೂ ಇದ್ದಿಲ್ಲ.”

ಹಾರೂನ ಗಳಗಳನೆ ಅತ್ತ. “ಯಾಕ ಹೇಳಿದ್ರಿ ಟೀಚರ! ಕೇಳಸವಲ್ದು ಅಂತ ಈ ವೈನಿ ಅಂತಿದ್ಲು, ಅದಕ್ಕಽ ಆಂವ ಫ್ಯಾನು ಬಂದ್ ಮಾಡ್ತಿದ್ದ. ಗೊತ್ತಾದ್ರ ಆಕಿ ಹೆಂಗ ಬದುಕಬೇಕ್ರಿ? ಜೇಲಾದ್ರ ಆಗ್ಲಿ ಅಂತ ಸುಮ್ಮಿದ್ದೆ.”

ಯಲ್ಲವ್ವ ಅಳಲಿಲ್ಲ. ಹಾರೂನನ ತಲೆ ಸವರಿದಳು.

“ನನಗ ಎಲ್ಲಾ ಕೇಳಸ್ತಿತ್ತೋ, ತಮ್ಮಾ,” ಎಂದಳು. “ಬರ್ತೀನಿ ಅನ್ನೂದನ್ನ ಇನ್ನೊಮ್ಮೆ ಅನ್ಲಿ ಅಂತ ಕೇಳಸವಲ್ದು ಅಂತಿದ್ದೆ.”